ಬೆಂಗಳೂರಲ್ಲಿ ರಿಪೇರಿಯಾದ ಬಾಂಬರ್‌ಗಳು ಈಗ ಎಲ್ಲಿವೆ?

[ದೃಶ್ಯ: ಆಕಾಶದಲ್ಲಿ ನಾಲ್ಕು ಎಂಜಿನ್ನಿನ ಹಳೆಯ ಬಾಂಬರ್. ಹಿಂದೆ ಎರಡು ಬಾಲ.]

ಈ ವಿಮಾನ ನೋಡಿ. ಮೂತಿಯ ಮೇಲೆ ‘ವಿಚ್‌ಕ್ರಾಫ್ಟ್’ ಅಂತ ಬರೆದಿದೆ. ಎರಡನೇ ಮಹಾಯುದ್ಧದ ಬಿ-24 ಲಿಬರೇಟರ್ ಇದು. ಅಮೆರಿಕದ ಊರೂರಿನ ಏರ್‌ಫೀಲ್ಡ್‌ಗಳಿಗೆ ಇದು ಬಂದಿಳಿದಾಗ ಕ್ಯಾಮೆರಾ ಹಿಡಿದವರು ಬೇಲಿ ಪಕ್ಕ ಸಾಲಾಗಿ ನಿಲ್ಲುತ್ತಿದ್ದರು. ತಯಾರಾದದ್ದು ಟೆಕ್ಸಾಸ್‌ನಲ್ಲಿ, 1944ರಲ್ಲಿ. ಬಣ್ಣ ಅಮೆರಿಕದ್ದು, ಹೆಸರೂ ಅಮೆರಿಕದ್ದು.

ಆದರೆ ಈ ವಿಮಾನ ಸೇನೆಯ ಕೆಲಸದಲ್ಲಿ ಅತಿ ಜಾಸ್ತಿ ಕಾಲ ದುಡಿದದ್ದು ಭಾರತೀಯ ವಾಯುಪಡೆಯಲ್ಲಿ. ಗುಜರಿ ಆಗಿ ಬಿದ್ದಿದ್ದ ಇದನ್ನು ಮತ್ತೆ ಹಾರುವ ಹಾಗೆ ಮಾಡಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್.

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಯಲಹಂಕದ ಏರೋ ಇಂಡಿಯಾದಲ್ಲಿ ಹಳೇ ಡಕೋಟಾ ಹಾರಿದ್ದನ್ನು ಅವರು ನೋಡಿದ್ದಾರೆ. “ಅದು ಅಸಲಿ ವಿಮಾನನಾ, ಡೂಪ್ಲಿಕೇಟಾ?” ಅಂತ ಕೇಳಿದರು. ಉತ್ತರ ಹುಡುಕಲು ಕೂತವನಿಗೆ ಈ ಲಿಬರೇಟರ್ ಕಥೆ ಸಿಕ್ಕಿತು. ಆಮೇಲೆ ಬೇರೆ ಯಾವುದರ ಮೇಲೂ ಮನಸ್ಸು ಹೋಗಲಿಲ್ಲ. ಡಕೋಟಾಗೆ ಖಂಡಿತ ಬರುತ್ತೇನೆ, ಮೊದಲು ಇದನ್ನು ಕೇಳಿ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಯುದ್ಧದ ಕಾಲದಲ್ಲಿ 18,000ಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾದವು. ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆಯಲ್ಲಿ ಒಂದು ಹಂತದಲ್ಲಿ ಗಂಟೆಗೊಂದು ವಿಮಾನ ಹೊರಬರುತ್ತಿತ್ತು. ಯುದ್ಧ ಮುಗಿಯಿತು. ಇಷ್ಟೊಂದು ಬಾಂಬರ್ ಯಾರಿಗೆ ಬೇಕು? ಅರಿಜೋನಾದ ಕಿಂಗ್‌ಮನ್‌ನಂಥ ಕಡೆ ಸಾವಿರಾರು ವಿಮಾನಗಳನ್ನು ಸಾಲಾಗಿ ನಿಲ್ಲಿಸಿ, ಕತ್ತರಿಸಿ, ಕುಲುಮೆಗೆ ಹಾಕಿ ಅಲ್ಯೂಮಿನಿಯಂ ಗಟ್ಟಿ ಮಾಡಿದರು. ಮಾಡಿದ ದೇಶದಲ್ಲೇ ಲಿಬರೇಟರ್ ಹೆಚ್ಚುಕಡಿಮೆ ಕಾಣೆಯಾಯಿತು.

[ದೃಶ್ಯ: ಭಾರತದ ನಕ್ಷೆ. ಕಾನ್ಪುರದಿಂದ ಬೆಂಗಳೂರಿಗೆ ಒಂದು ಗೆರೆ.]

ಭಾರತದಲ್ಲಿ ಆದದ್ದೇ ಬೇರೆ. ಬ್ರಿಟಿಷರ ವಾಯುಪಡೆ ಇಲ್ಲಿ ಬಳಸುತ್ತಿದ್ದ ಲಿಬರೇಟರ್‌ಗಳು ಲೆಂಡ್-ಲೀಸ್ ಒಪ್ಪಂದದಲ್ಲಿ ಅಮೆರಿಕ ಕೊಟ್ಟಿದ್ದವು. ಯುದ್ಧ ಮುಗಿದ ಮೇಲೆ ವಾಪಸ್ ಕೊಡಬೇಕು, ಇಲ್ಲ ದುಡ್ಡು ಕೊಟ್ಟು ಇಟ್ಟುಕೊಳ್ಳಬೇಕು, ಅದೂ ಇಲ್ಲದಿದ್ದರೆ ಹಾಳು ಮಾಡಬೇಕು. ಕಾನ್ಪುರದಲ್ಲಿ ಅವರು ಮೂರನೇ ದಾರಿ ಹಿಡಿದರು. ಮೀಟರುಗಳನ್ನು ಒಡೆದರು. ಮೈಗೆ ತೂತು ಹೊಡೆದರು. ಎಂಜಿನ್ನಿಗೆ ಮರಳು ಸುರಿದರು. ಮತ್ಯಾರೂ ಇವನ್ನು ಹಾರಿಸಬಾರದು ಅಂತಲೇ ಮಾಡಿದ ಕೆಲಸ ಇದು. ಆಮೇಲೆ ಅಲ್ಲೇ ಬಿಟ್ಟು ಹೋದರು. ಬಿಸಿಲು, ಮಳೆ, ಹುಲ್ಲು.

1948. ಸ್ವತಂತ್ರ ಭಾರತಕ್ಕೆ ದೊಡ್ಡ ಬಾಂಬರ್ ಬೇಕಿತ್ತು, ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಕಾನ್ಪುರದ ಆ ಗುಜರಿಯನ್ನು ನೋಡಿ ಬನ್ನಿ ಅಂತ ಎಚ್‌ಎಎಲ್‌ಗೆ ಹೇಳಿದರು. ಎಚ್‌ಎಎಲ್‌ನವರು ಹೋಗಿ ನೋಡಿದರು. ಆಗುತ್ತೆ ಅಂದರು.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಆಗುತ್ತೆ ಅನ್ನುವ ಧೈರ್ಯ ಎಲ್ಲಿಂದ ಬಂತು?

ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ್ದು. ವಿಮಾನ ತಯಾರಿಸಲು ಅಂತ ಶುರುವಾದ ಕಾರ್ಖಾನೆ ಯುದ್ಧದ ನಡುವೆ ದೊಡ್ಡ ರಿಪೇರಿ ಕೇಂದ್ರವಾಯಿತು. 1943ರಲ್ಲಿ ಅಮೆರಿಕದ ಸೇನೆಯೇ ಅದನ್ನು ನಡೆಸಲು ಕೂತಿತು. ಡಕೋಟಾಗಳು ಬಂದವು, ಲಿಬರೇಟರ್‌ಗಳು ಬಂದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳೂ ಬಂದವು. ಅವು ಎಲ್ಲಿ ಇಳಿಯುತ್ತಿದ್ದವು ಗೊತ್ತಾ? ಬೆಳ್ಳಂದೂರು ಕೆರೆಯಲ್ಲಿ. ಹೌದು, ನೊರೆಯ ಸುದ್ದಿಗೆ ಹೆಸರಾದ ಅದೇ ಬೆಳ್ಳಂದೂರು ಕೆರೆ. ಆ ಕೆರೆಗೆ ಇಂಥ ಒಂದು ಕಾಲವಿತ್ತು ಅಂತ ನೆನೆದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಡಕೋಟಾ ಸಾಮಾನು ಸಾಗಿಸುವ ವಿಮಾನ. ಕ್ಯಾಟಲೀನಾ ಸಮುದ್ರ ಕಾಯುವ ವಿಮಾನ. ಲಿಬರೇಟರ್ ಬಾಂಬ್ ಹಾಕುವ ವಿಮಾನ. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಎಂಜಿನ್? ಮೂರಕ್ಕೂ ಒಂದೇ ಜಾತಿಯದು. ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಆರ್-1830 ಟ್ವಿನ್ ವಾಸ್ಪ್. ಏಳೇಳರಂತೆ ಎರಡು ಸುತ್ತು, ಒಟ್ಟು 14 ಸಿಲಿಂಡರ್. ಸೂರ್ಯಕಾಂತಿ ಹೂವಿನ ದಳದ ಹಾಗೆ ನಡುವಿನ ದಂಡದ ಸುತ್ತ ಜೋಡಿಸಿರುತ್ತಾರೆ. ಮಾದರಿಯಿಂದ ಮಾದರಿಗೆ ಚೂರುಪಾರು ವ್ಯತ್ಯಾಸ, ಮೂಲ ಒಂದೇ.

ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ಕಟ್ಟಿ ಕೈ ಪಳಗಿದವನಿಗೆ ಅದೇ ಮೋಟಾರು ಹಿಟ್ಟಿನ ಗಿರಣಿಯಲ್ಲಿ ಕಂಡರೆ ಭಯವಾಗುತ್ತಾ? ಮುಚ್ಚಳ ತೆಗೆದ ಕೂಡಲೇ ಎಲ್ಲಿ ಏನಿದೆ ಅಂತ ಬೆರಳಿಗೇ ಗೊತ್ತಿರುತ್ತೆ. ಎಚ್‌ಎಎಲ್ ಶಾಪ್‌ನವರಿಗೆ ಟ್ವಿನ್ ವಾಸ್ಪ್ ಹಾಗೆ. ಲಿಬರೇಟರ್ ಒಂದರಲ್ಲಿ ನಾಲ್ಕು ಎಂಜಿನ್, ಅಂದರೆ 56 ಸಿಲಿಂಡರ್. ಎಚ್‌ಎಎಲ್ ರಿಪೇರಿ ಮಾಡಿದ್ದು ಅಂಥ ಸುಮಾರು 40 ವಿಮಾನ, ಅಂದರೆ ಸುಮಾರು 2,240 ಸಿಲಿಂಡರ್. ಮರಳು ಬಿದ್ದ ಎಂಜಿನ್ನನ್ನು ಮೇಲಿಂದ ಒರೆಸಿದರೆ ಆಗಲ್ಲ. ಒಂದು ಕಾಳು ಉಳಿದರೂ ಒಳಗೋಡೆಯನ್ನು ಕೆರೆದು ಹಾಕುತ್ತೆ. ಪೂರ್ತಿ ಬಿಚ್ಚಬೇಕು, ತೊಳೆಯಬೇಕು, ಅಳತೆ ನೋಡಬೇಕು, ಮತ್ತೆ ಕಟ್ಟಬೇಕು.

[ದೃಶ್ಯ: ರಿವೆಟ್ ಹೊಡೆಯುವ ಇಬ್ಬರ ಕೈಗಳು, ಹತ್ತಿರದಿಂದ.]

ಮೈ ಕೆಲಸವೂ ಅಷ್ಟೇ. ವಿಮಾನದ ತಗಡಿಗೆ ತೇಪೆ ಹಾಕಲು ರಿವೆಟ್ ಬೇಕು. ರಿವೆಟ್ ಹೊಡೆಯಲು ಇಬ್ಬರು ಬೇಕು. ಒಬ್ಬ ಹೊರಗೆ ರಿವೆಟ್ ಗನ್ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ವಿಮಾನದ ಹೊಟ್ಟೆಯೊಳಗೆ ಬಾಗಿ, ಭಾರವಾದ ಕಬ್ಬಿಣದ ತುಂಡನ್ನು ರಿವೆಟ್ಟಿನ ತುದಿಗೆ ಒತ್ತಿ ಹಿಡಿಯುತ್ತಾನೆ. ಹೊರಗಿನಿಂದ ಪೆಟ್ಟು ಬಿದ್ದ ಹಾಗೆ ಒಳಗಿನ ತುದಿ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಆ ತಗಡೇ ಅಡ್ಡ. ಸದ್ದಿನಲ್ಲೇ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಬೇಕು.

ಆದರೆ ಕಾನ್ಪುರದ ವಿಮಾನ ಬೆಂಗಳೂರಿಗೆ ಬರುವುದು ಹೇಗೆ? 110 ಅಡಿ ರೆಕ್ಕೆಯ ಬಾಂಬರ್ ಅದು, ಲಾರಿಗೆ ಹೇರಿ ತರುವಂಥದ್ದಲ್ಲ. ಅದಕ್ಕೇ ಎಚ್‌ಎಎಲ್‌ನವರು ಅಲ್ಲೇ ಹೋಗಿ, ತೀರಾ ಕೆಟ್ಟು ನಿಂತವುಗಳಿಂದ ಭಾಗ ಬಿಚ್ಚಿ ಪರವಾಗಿಲ್ಲ ಅನ್ನುವಂಥವಕ್ಕೆ ಹಾಕಿದರು. ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿದರು. ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಷೆದ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ರಿಪೇರಿ ಆದದ್ದು ಇಲ್ಲಿಗೆ ಬಂದ ಮೇಲೆ. ಯೋಚಿಸಿ: ಯಾರೋ ಬೇಕಂತಲೇ ಹಾಳು ಮಾಡಿದ ವಿಮಾನ. ಅದರಲ್ಲಿ ಕೂತು ಅರ್ಧ ದೇಶ ದಾಟುವುದು. ಒಂದು ಸಲವಲ್ಲ, ಮತ್ತೆ ಮತ್ತೆ. ನನ್ನ ಪ್ರಕಾರ ಮುನ್ಶಿಯವರ ಹೆಸರು ಬೆಂಗಳೂರಿನ ಒಂದು ರಸ್ತೆಗಾದರೂ ಇರಬೇಕು.

1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಶುರುವಾಯಿತು. ಆಮೇಲೆ 6ನೇ ಸ್ಕ್ವಾಡ್ರನ್ ಸಮುದ್ರದ ಮೇಲೆ ಕಣ್ಣಿಡಲು ಇವನ್ನೇ ಬಳಸಿತು. 1968ರವರೆಗೆ! ಅಷ್ಟು ಹೊತ್ತಿಗೆ ಜಗತ್ತಿನ ಬೇರೆ ಯಾವ ವಾಯುಪಡೆಯೂ ಲಿಬರೇಟರ್ ಹಾರಿಸುತ್ತಿರಲಿಲ್ಲ.

ಮ್ಯೂಸಿಯಂಗಳಿಗೆ ಆಗ ಎಚ್ಚರವಾಯಿತು. ಹಾರುವ ಸ್ಥಿತಿಯಲ್ಲಿರುವ ಲಿಬರೇಟರ್‌ಗಳು ಭಾರತದಲ್ಲಿವೆ! ಒಂದು ಕೆನಡಾದ ಒಟ್ಟಾವಾಗೆ ಹೋಯಿತು. ಒಂದು 1969ರಲ್ಲಿ ಅರಿಜೋನಾದ ಟೂಸಾನ್‌ವರೆಗೆ ಹಾರಿಕೊಂಡೇ ಹೋಗಿ ಪೀಮಾ ಮ್ಯೂಸಿಯಂ ಸೇರಿತು. ಕಿಂಗ್‌ಮನ್‌ನಲ್ಲಿ ಇದರ ಅಣ್ಣತಮ್ಮಂದಿರನ್ನು ಕರಗಿಸಿದ್ದರಲ್ಲ, ಅದೇ ರಾಜ್ಯ. 1974ರಲ್ಲಿ ಇನ್ನೊಂದು ಬ್ರಿಟನ್ನಿಗೆ ಹಾರಿ ಅಲ್ಲಿನ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಂ ಸೇರಿತು. ಮರಳು ಸುರಿದವರ ಮನೆಗೇ ವಾಪಸ್. ಫ್ಲೋರಿಡಾದಲ್ಲಿ ಹಳೆಯ ವಿಮಾನ ಕೂಡಿಡುವ ಕರ್ಮಿಟ್ ವೀಕ್ಸ್ ಅವರ ಸಂಗ್ರಹದಲ್ಲಿ ಒಂದಿದೆ. ಶುರುವಿನಲ್ಲಿ ತೋರಿಸಿದ ‘ವಿಚ್‌ಕ್ರಾಫ್ಟ್’ ಹಳೆಯ ವಿಮಾನಗಳನ್ನು ಮತ್ತೆ ಹಾರಿಸುತ್ತಿದ್ದ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಅನ್ನುವ ಸಂಸ್ಥೆಯದು. 80ರ ದಶಕದಲ್ಲಿ ಅದನ್ನು ಬಿಚ್ಚಿ ಭಾರತದಿಂದ ಸಾಗಿಸಿದರು. ವರ್ಷಗಟ್ಟಲೆ ಕೆಲಸ ನಡೆದು 1989ರಲ್ಲಿ ಮತ್ತೆ ಹಾರಿತು. ಭಾರತದಲ್ಲಿ ಉಳಿದಿರುವುದು ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ ಒಂದು.

ಬೆಂಗಳೂರಿನಲ್ಲಿ ಒಂದೂ ಇಲ್ಲ.

ಹಾಗಾದರೆ ಇವನ್ನು ಉಳಿಸಿದ್ದು ಯಾರು? ಮ್ಯೂಸಿಯಂಗಳು ಆಮೇಲೆ ಬಂದವು. ಆ 20 ವರ್ಷ ಇವನ್ನು ಕಾಪಾಡಿದ್ದು ನಮ್ಮ ಅಗತ್ಯ. ದಿನಾ ಬಳಸುವ ವಿಮಾನಕ್ಕೆ ದಿನಾ ಯಾರೋ ಎಣ್ಣೆ ಹಾಕುತ್ತಾರೆ, ನಟ್ಟು ಬಿಗಿ ಮಾಡುತ್ತಾರೆ.

ಈಗ ಅಸಲಿನಾ ಡೂಪ್ಲಿಕೇಟಾ ಅನ್ನುವ ಪ್ರಶ್ನೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡಿದ್ದೀರಾ? ಅದೇ ಕಲಾವಿದ ಇವತ್ತು ಕರ್ಣ, ನಾಳೆ ಕೌರವ. ಶುರುವಿನಲ್ಲಿ ತೋರಿಸಿದ ಲಿಬರೇಟರ್ ಕೂಡ ಹಾಗೆ. ಅಮೆರಿಕದಲ್ಲಿ ಮೊದಲು ‘ಆಲ್ ಅಮೆರಿಕನ್’ ಅಂತ ಬಣ್ಣ ಹಚ್ಚಿದರು. ಆಮೇಲೆ ‘ದ ಡ್ರ್ಯಾಗನ್ ಅಂಡ್ ಹಿಸ್ ಟೇಲ್’. 2005ರಲ್ಲಿ ‘ವಿಚ್‌ಕ್ರಾಫ್ಟ್’. ನಿಜವಾದ ‘ವಿಚ್‌ಕ್ರಾಫ್ಟ್’ ಯುರೋಪಿನ ಯುದ್ಧದಲ್ಲಿ 130 ಸಲ ದಾಳಿಗೆ ಹೋಗಿ ಬಂದ ಬೇರೆಯದೇ ವಿಮಾನ. ಮೈ ಅಸಲಿ, ವೇಷ ಬೇರೆಯದು.

ಯಲಹಂಕದಲ್ಲಿ ಹಾರಿದ ನಮ್ಮ ಡಕೋಟಾ ಇದಕ್ಕೆ ಸರಿಯಾಗಿ ಉಲ್ಟಾ. ರಾಜಕಾರಣಿ ರಾಜೀವ್ ಚಂದ್ರಶೇಖರ್ ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಪೈಲಟ್ ಆಗಿದ್ದರು. ರಾಜೀವ್ 2011ರಲ್ಲಿ ಹಳೆಯ ಡಕೋಟಾ ಒಂದನ್ನು ಕೊಂಡು, ಬ್ರಿಟನ್ನಿನಲ್ಲಿ ರಿಪೇರಿ ಮಾಡಿಸಿ ವಾಯುಪಡೆಗೆ ಕೊಟ್ಟರು. 2018ರ ಏಪ್ರಿಲ್‌ನಲ್ಲಿ ಅದು ಕೊವೆಂಟ್ರಿಯಿಂದ ಹಾರಿ ಜಾಮ್‌ನಗರಕ್ಕೆ ಬಂತು. ‘ಪರಶುರಾಮ’ ಅಂತ ಹೆಸರಿಟ್ಟು ಬಾಲದ ಮೇಲೆ ವಿಪಿ 905 ಅಂತ ಬರೆದರು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ ನಂಬರ್ ಅದು. ನಮ್ಮ ವಿಮಾನ ಅಲ್ಲಿ ಅಮೆರಿಕದ ವೇಷದಲ್ಲಿದೆ. ಬ್ರಿಟನ್ನಿನಿಂದ ಬಂದ ವಿಮಾನ ಇಲ್ಲಿ ನಮ್ಮ ವೇಷದಲ್ಲಿದೆ. ನನಗೆ ಎರಡೂ ಇಷ್ಟ. ಆದರೆ ವೇಷದ ಹಿಂದೆ ಯಾರಿದ್ದಾರೆ ಅಂತ ಪಕ್ಕದ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಲೇಬೇಕು.

ಹೊಸದಾಗಿ ಕಟ್ಟುವ ಪ್ರತಿರೂಪಗಳ ಬಗ್ಗೆ ಬೇರೆ ವಿಡಿಯೋನೇ ಮಾಡಬೇಕು. ಸುಮ್ನೆ ಒಂದು ಉದಾಹರಣೆ: ಜರ್ಮನಿಯ ಯುದ್ಧಕಾಲದ ಜೆಟ್ ಮೆಸ್ಸರ್‌ಶ್ಮಿಟ್ 262. ಅದನ್ನು ಅಮೆರಿಕದಲ್ಲಿ ಮತ್ತೆ ಕಟ್ಟಿ, ಒಳಗೆ ಅಮೆರಿಕದ ಜೆ-85 ಎಂಜಿನ್ ಕೂರಿಸಿದ್ದಾರೆ. ಹಾರಿಸಬೇಕಾ, ಒಳಗಿಡಬೇಕಾ ಅನ್ನುವ ವಾದವೂ ದೊಡ್ಡದು. 2019ರಲ್ಲಿ ಕಾಲಿಂಗ್ಸ್ ಫೌಂಡೇಶನ್‌ನದೇ ಒಂದು ಬಿ-17 ಬಾಂಬರ್ ಬಿದ್ದು ಏಳು ಜನ ಸತ್ತರು. ಪ್ರಯಾಣಿಕರನ್ನು ಹತ್ತಿಸಬಾರದು ಅನ್ನುವವರ ಪಕ್ಷ ನನ್ನದು.

ಫೋಟೋ ತೆಗೆಯುವವರಿಗೆ ಎರಡೇ ಮಾತು. ಡಕೋಟಾವನ್ನು ನಾನು ಮೊದಲ ಸಲ ತೆಗೆದಾಗ ಶಟರ್ ಸ್ಪೀಡ್ ಸೆಕೆಂಡಿನ 1/1000 ಇತ್ತು. ಪ್ರೊಪೆಲ್ಲರ್ ನಿಂತೇ ಹೋದ ಹಾಗೆ ಬಂತು. ಲೆಕ್ಕ ಸುಲಭ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಗೇರಿನ ಮೂಲಕ ಪ್ರೊಪೆಲ್ಲರ್ 1,125 ಸುತ್ತು ತಿರುಗುತ್ತೆ. 1/1000ರಲ್ಲಿ ಅದು ಸರಿಯುವುದು 7 ಡಿಗ್ರಿಗೂ ಕಡಿಮೆ. 1/125 ಇಟ್ಟರೆ 54 ಡಿಗ್ರಿ, ಆಗ ಜೀವ ಬರುತ್ತೆ. 1/60ಕ್ಕೆ ಪ್ರೊಪೆಲ್ಲರ್‌ನ ಮೂರು ರೆಕ್ಕೆಗಳೂ ಸೇರಿ ಹೆಚ್ಚುಕಡಿಮೆ ಪೂರ್ತಿ ಚಕ್ರ. ಆದರೆ ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸಬೇಕು, ಕೈ ನಡುಗಬಾರದು.

ಎರಡನೆಯದು, ಎಂಜಿನ್ ಶುರು ಮಾಡುವ ಮುಂಚೆಯೇ ಹೋಗಿ ನಿಲ್ಲಿ. ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದಿರುತ್ತೆ. ಹಾಗೇ ಶುರು ಮಾಡಿದರೆ ಎಂಜಿನ್ ಮುರಿಯಬಹುದು. ಅದಕ್ಕೆ ಜನ ಪ್ರೊಪೆಲ್ಲರ್ ಹಿಡಿದು ಕೈಯಲ್ಲೇ ನಿಧಾನಕ್ಕೆ ತಿರುಗಿಸುತ್ತಾರೆ. ಬಾವಿಯ ರಾಟೆ ಎಳೆಯುವ ಹಾಗೆ, ಒಬ್ಬರಾದ ಮೇಲೆ ಒಬ್ಬರು. ನನ್ನ ಹತ್ತಿರ ಇರುವ ಎಲ್ಲ ವಿಮಾನದ ಫೋಟೋಗಳಿಗಿಂತ ಆ ಕೈಗಳ ಫೋಟೋ ನನಗೆ ಹೆಚ್ಚು.

ಪಾಲಂಗೆ ಹೋದರೆ ಲಿಬರೇಟರ್‌ನ ಹೊಟ್ಟೆ ಕೆಳಗೆ ಬಗ್ಗಿ ನೋಡಿ. ಬಾಂಬ್ ಬೀಳುವ ಬಾಗಿಲು ನಮ್ಮ ಅಂಗಡಿಗಳ ರೋಲಿಂಗ್ ಶಟರ್ ಇದ್ದ ಹಾಗೆ, ಮೈಗೆ ಅಂಟಿಕೊಂಡೇ ಮೇಲೆ ಸರಿಯುತ್ತೆ. ಗಾಳಿಗೆ ಅಡ್ಡ ಬರಬಾರದು ಅಂತ ಹಾಗೆ ಮಾಡಿದ್ದು.

ಕೊನೆಗೆ ನಿಮ್ಮಿಂದ ಒಂದು ಸಹಾಯ. 1948ರಲ್ಲಿ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿ ಇದ್ದರೇ? ವಿಮಾನಪುರದಲ್ಲೋ ಮುರುಗೇಶಪಾಳ್ಯದಲ್ಲೋ ಅಜ್ಜನ ಟ್ರಂಕ್ ಇನ್ನೂ ಅಟ್ಟದ ಮೇಲಿದ್ದರೆ ಇಳಿಸಿ ನೋಡಿ. ಎರಡು ಬಾಲದ ವಿಮಾನದ ಮುಂದೆ ನಿಂತ ಗುಂಪು ಫೋಟೋ ಸಿಕ್ಕರೆ ನಮಗೆ ಕಳಿಸಿ. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ. ಹೆಸರುಗಳನ್ನು ಬರೆದಿರುವುದು ಅಲ್ಲೇ.