ಮೂತ್ರಪಿಂಡ ಎಷ್ಟರಮಟ್ಟಿಗೆ ಮರಳಿ ಚಿಗುರುತ್ತದೆ?

ಕೋಲಾರದ ಬಂಧುಗಳೇ,

ಮುಂಜಾನೆ ಟೊಮೆಟೊ ತೋಟಕ್ಕೆ ನೀರು ಬಿಡಲು ಹೋಗಿ ಕೊಳಕುಮಂಡಲದಿಂದ ಕಚ್ಚಿಸಿಕೊಂಡವರ ಸಂಗತಿ ನಿಮಗೆ ಹೊಸದೇನಲ್ಲ. ಪ್ರತಿವಿಷ ಕೊಟ್ಟು ಜೀವ ಉಳಿದರೂ ಕೆಲವರಿಗೆ ಮೂತ್ರ ನಿಲ್ಲುತ್ತದೆ, ಮುಖ ಊದಿಕೊಳ್ಳುತ್ತದೆ, ಡಯಾಲಿಸಿಸ್ ಆರಂಭವಾಗುತ್ತದೆ. ಆಗ ಮನೆಯವರು ಕೇಳುವುದು ಒಂದೇ ಮಾತು: “ಕಿಡ್ನಿ ಹೋಯ್ತಾ ಸಾರ್?” ಮೂತ್ರಪಿಂಡದ ಹೊರಪದರವೇ ಸತ್ತಿದ್ದರೆ ಮಾತು ಬೇರೆ, ಪೆಟ್ಟು ಅದರೊಳಗಿನ ಮೂತ್ರ ಹರಿಯುವ ಸಣ್ಣ ನಾಳಗಳಿಗಷ್ಟೇ ಬಿದ್ದಿದ್ದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮೂತ್ರ ಮರಳುತ್ತದೆ. ಕೆಲವರಿಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಹರಿದು ಹೊಸ ಗಾಬರಿ ಹುಟ್ಟಿಸುತ್ತದೆ. ನಾಳ ತೆರೆದುಕೊಂಡಿದೆ, ಆದರೆ ಒಳಗಿನ ಎಳೆಯ ಜೀವಕೋಶಗಳಿಗೆ ನೀರನ್ನು ಮರಳಿ ಹೀರಿಕೊಳ್ಳುವ ಕೆಲಸ ಇನ್ನೂ ಪೂರ್ತಿ ಕೈಹಿಡಿದಿಲ್ಲ ಎಂದಷ್ಟೇ ಅದರ ಅರ್ಥ.

ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು, ಅಂದರೆ ರಕ್ತ ಸೋಸಿ ಮೂತ್ರ ತಯಾರಿಸುವ ಸೂಕ್ಷ್ಮ ಘಟಕಗಳು, ಇವೆ. ಪ್ರತಿಯೊಂದಕ್ಕೂ ಗ್ಲೊಮೆರುಲಸ್ ಎಂಬ ಜರಡಿ, ಅದರ ಬೆನ್ನಿಗೊಂದು ಸಣ್ಣ ನಾಳ. ಜರಡಿಗಳೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿದರೆ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನಾಳಗಳು ರಕ್ತಕ್ಕೆ ಹಿಂದಿರುಗಿಸುತ್ತವೆ. ಇಷ್ಟು ದುಡಿಯುವ ಕೋಶಗಳಿಗೆ ಆಮ್ಲಜನಕವೂ ಅಷ್ಟೇ ಬೇಕು. ಆದ್ದರಿಂದಲೇ ವಿಷವೋ ರಕ್ತದೊತ್ತಡದ ಕುಸಿತವೋ ಎದುರಾದಾಗ ಮೊದಲು ಸಾಯುವವು ಅವೇ. ಸತ್ತವು ಕಳಚಿ, ಡ್ರಿಪ್ ಪೈಪಿನಲ್ಲಿ ಗಸಿ ಕಟ್ಟಿದಂತೆ ನಾಳವನ್ನು ಮುಚ್ಚುತ್ತವೆ. ಬದುಕುಳಿದ ಅಕ್ಕಪಕ್ಕದ ಕೋಶಗಳು ತಮ್ಮ ವಿಶೇಷ ರೂಪವನ್ನು ಕಳಚಿ, ಚಪ್ಪಟೆಯಾಗಿ ಹರಡಿ, ಒಂದು ಎರಡಾಗಿ ಬೋಳಾದ ಗೋಡೆಯನ್ನು ಮುಚ್ಚಿ, ಕ್ರಮೇಣ ಹಳೆಯ ರೂಪಕ್ಕೆ ಬರುತ್ತವೆ. ಬುಡ ಉಳಿಸಿ ಕಟಾವು ಮಾಡಿದ ಹಿಪ್ಪುನೇರಳೆ ಹೀಗೆಯೇ ಚಿಗುರುತ್ತದಲ್ಲವೇ? ಇಲ್ಲಿ ಬುಡವೆಂದರೆ ಕೋಶಗಳು ಕುಳಿತಿರುವ ತೆಳುವಾದ ತಳಪೊರೆ.

ಬುಡವೇ ಕಿತ್ತುಹೋದರೆ? ಸಾಲಿನಲ್ಲಿ ಆ ಜಾಗ ಖಾಲಿ. ಮನುಷ್ಯರ ನೆಫ್ರಾನ್‌ಗಳೆಲ್ಲ ಗರ್ಭದಲ್ಲೇ, ಸುಮಾರು 36 ವಾರಗಳೊಳಗೆ ರೂಪುಗೊಂಡು ಮುಗಿಯುತ್ತವೆ. ಆಮೇಲೆ ಹೊಸದೊಂದು ಹುಟ್ಟುವುದಿಲ್ಲ. ಬೆರಳುದ್ದವೂ ಇಲ್ಲದ ಜೀಬ್ರಾ ಮೀನು ಬೆಳೆದ ಮೇಲೂ ಹೊಸ ನೆಫ್ರಾನ್ ಕಟ್ಟಿಕೊಳ್ಳಬಲ್ಲದು, ನಮಗೆ ಆ ಭಾಗ್ಯವಿಲ್ಲ. ನಮ್ಮಲ್ಲಿ ಪಕ್ಕದ ಗಿಡಗಳೇ ಕೊಂಬೆ ಚಾಚುತ್ತವೆ: ಒಂದು ಮೂತ್ರಪಿಂಡ ದಾನ ಮಾಡಿದವರಲ್ಲಿ ಉಳಿದದ್ದು ದೊಡ್ಡದಾಗಿ, ಮೊದಲು ಎರಡೂ ಸೇರಿ ಸೋಸುತ್ತಿದ್ದುದರ ಶೇ. 70ರಷ್ಟನ್ನು ತಾನೊಂದೇ ನಿಭಾಯಿಸುತ್ತದೆ.

ಈ ಹೆಚ್ಚುವರಿ ದುಡಿಮೆಯೇ ನಮ್ಮನ್ನು ಮೋಸಗೊಳಿಸುತ್ತದೆ. ಸಾಕಷ್ಟು ನೆಫ್ರಾನ್‌ಗಳು ನಷ್ಟವಾಗಿದ್ದರೂ ಮಿಕ್ಕವು ಹೊರೆ ಹೊರುವುದರಿಂದ, ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲವಾದ ಕ್ರಿಯಾಟಿನಿನ್ ರಕ್ತಪರೀಕ್ಷೆಯಲ್ಲಿ ಸಹಜವೆಂದೇ ತೋರಬಹುದು. ವರದಿ ನೋಡಿದವರು ಎಲ್ಲ ಸರಿಹೋಯಿತೆಂದು ತೋಟಕ್ಕೆ ಮರಳಿ, ಸೊಂಟ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತರಿಸುತ್ತಾರೆ. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಆ ಮಾತ್ರೆ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತದೆ. ಆದ್ದರಿಂದ ನಾನು ಚೀಟಿಯಲ್ಲಿ ಕ್ರಿಯಾಟಿನಿನ್ ಜೊತೆಗೆ, ಜರಡಿ ಸೋರುತ್ತಿದೆಯೇ ಎಂದು ತಿಳಿಸುವ ಮೂತ್ರದ ಪ್ರೋಟೀನ್ ಪರೀಕ್ಷೆಯನ್ನೂ ಬರೆದು, ಮೂರು ತಿಂಗಳ ಮುಂದಿನ ತಾರೀಕಿಗೆ ಎರಡು ಗೆರೆ ಎಳೆದು ಕಳಿಸುತ್ತೇನೆ.