ಪಿನ್ ಕೂತರೆ ಆಗೋಯ್ತಾ?

ಎಲ್ಲರಿಗೂ ನಮಸ್ಕಾರ. ಇವತ್ತಿಗೆ ಬೇರೆ ವಿಷಯ ರೆಡಿ ಇತ್ತು, ಅದನ್ನ ಪಕ್ಕಕ್ಕಿಟ್ಟೆ. ಕಾರಣ, ಹಿಂದಿನ ವಿಡಿಯೋ ಕೆಳಗೆ ಬಂದಿರೋ ಒಂದು ಕಾಮೆಂಟು. ಜಪಾನಿಂದ ಸೂಪರ್ ಫ್ಯಾಮಿಕಾಮ್ (ನಿಂಟೆಂಡೋ ಕಂಪನಿಯ ಹಳೇ ವಿಡಿಯೋ ಗೇಮ್ ಯಂತ್ರ) ತರಿಸಿರೋರು ಯಾವ ಅಡಾಪ್ಟರ್ ಹಾಕ್ಲಿ ಅಂತ ಕೇಳಿದಾರೆ. ಅದಕ್ಕೆ ಇನ್ನೊಬ್ಬರ ಉತ್ತರ: "ವೈಫೈ ರೂಟರ್‌ದು ಹಾಕಿ ಬ್ರೋ, ಪಿನ್ ಕರೆಕ್ಟಾಗಿ ಕೂರುತ್ತೆ." ಆ ಉತ್ತರಕ್ಕೆ ಮೇಲಿಂದ ಮೇಲೆ ಲೈಕು!

ಕೂರುತ್ತೆ, ನಾನೂ ಒಪ್ತೀನಿ. ಆ ಪಿನ್ನಿನ ಹೊರಗಿನ ಅಳತೆ 5.5 ಮಿಲಿಮೀಟರ್, ಒಳಗಿಂದು 2.1. ರೂಟರ್, ಸೆಟ್ ಟಾಪ್ ಬಾಕ್ಸ್, ಸಿಸಿಟಿವಿ ಕ್ಯಾಮೆರಾ, ಎಷ್ಟೋ ಸಾಮಾನಿಗೆ ಇದೇ ಅಳತೆ. ಹೊಂದೋದು ಪ್ಲಾಸ್ಟಿಕ್ಕು, ತಗಡು ಅಷ್ಟೆ. ಒಳಗೆ ಹರಿಯೋ ಕರೆಂಟು ಹೊಂದುತ್ತಾ? ಅದು ಪ್ರಶ್ನೆ.

ಲೆಕ್ಕ ನೋಡಿ. 1983ರ ಫ್ಯಾಮಿಕಾಮ್‌ಗೂ 1990ರ ಸೂಪರ್ ಫ್ಯಾಮಿಕಾಮ್‌ಗೂ ನಿಂಟೆಂಡೋದ ಒಂದೇ ಅಡಾಪ್ಟರ್, ಹೆಸರು ಎಚ್‌ವಿಸಿ-002. ಅದು ಕೊಡೋದು 10 ವೋಲ್ಟ್ ಡಿಸಿ, 850 ಮಿಲಿ ಆಂಪಿಯರ್. ಮುಖ್ಯ ಸಂಗತಿ ಈಗ ಕೇಳಿ: ಪಿನ್ನಿನ ಒಳಗಡೆ ಮೈನಸ್, ಹೊರಗಿನ ಬಳೆ ಪ್ಲಸ್. ನಿಮ್ಮ ರೂಟರ್ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ಒಳಗೆ ಪ್ಲಸ್. ಪೂರ್ತಿ ಉಲ್ಟಾ! ಉಲ್ಟಾ ಕರೆಂಟು ಹೋದ್ರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಉಬ್ಬಿ ಒಡೆಯಬಹುದು, 5 ವೋಲ್ಟಿಗೆ ಇಳಿಸೋ 7805 ರೆಗ್ಯುಲೇಟರ್ ಸಾಯಬಹುದು. ಪಿನ್ ಮಾತ್ರ ಚೆನ್ನಾಗಿ ಕೂತಿರುತ್ತೆ.

"ಹಾಗಾದ್ರೆ ಜಪಾನಿನ ಒರಿಜಿನಲ್ ಅಡಾಪ್ಟರೇ ಹಾಕ್ತೀವಿ" ಅಂತೀರಾ. ಅಲ್ಲಿ ಗೋಡೇಲಿ ಬರೋದು 100 ವೋಲ್ಟ್, ನಮ್ಮಲ್ಲಿ 230. ಆ ಕಪ್ಪು ಡಬ್ಬದೊಳಗೆ ಇರೋದು ಹಳೇ ಕಾಲದ ಟ್ರಾನ್ಸ್‌ಫಾರ್ಮರ್, ಎರಡರಷ್ಟಕ್ಕಿಂತ ಜಾಸ್ತಿ ವೋಲ್ಟೇಜ್ ಒಳಗೆ ಹೋದ್ರೆ ಎರಡರಷ್ಟಕ್ಕಿಂತ ಜಾಸ್ತಿನೇ ಆಚೆ ಬರುತ್ತೆ, ಸುರುಳಿ ಕಾದು ಸುಟ್ಟ ವಾಸನೆ ಏಳುತ್ತೆ. ಚಪ್ಪಟೆ ಎರಡು ಕಡ್ಡಿಗೆ ಟ್ರಾವೆಲ್ ಪ್ಲಗ್ ಸಿಗಿಸಿದ್ದೀನಿ ಅಂದ್ರೆ? ಆ ಪ್ಲಗ್ ಆಕಾರ ಬದಲಾಯಿಸುತ್ತೆ, ವೋಲ್ಟೇಜ್ ಅಲ್ಲ. ಮತ್ತೆ ಅದೇ ಕಥೆ, ಪಿನ್ ಕೂತಿದೆ ಅಷ್ಟೇ.

ಅಮೆರಿಕದ ಎನ್‌ಇಎಸ್, ಅಂದ್ರೆ ಅಲ್ಲಿ ಮಾರಿದ ಫ್ಯಾಮಿಕಾಮ್, ಅದರ ಅಡಾಪ್ಟರ್ ಅಂತೂ ಇನ್ನೂ ಅಪಾಯ. ಅದೇ ಕಂಪನಿ, ಅದೇ ಪಿನ್. ಆದ್ರೆ ಅದು ಹೊರಗೆ ಕೊಡೋದು 9 ವೋಲ್ಟ್ ಎಸಿ. ಡಿಸಿ ಅಲ್ಲ, ಎಸಿ! ಎನ್‌ಇಎಸ್ ಒಳಗೆ ಬ್ರಿಡ್ಜ್ ರೆಕ್ಟಿಫೈಯರ್ ಇದೆ, ಎಸಿಯನ್ನ ಡಿಸಿ ಮಾಡ್ಕೊಳ್ಳುತ್ತೆ. ಫ್ಯಾಮಿಕಾಮ್‌ನಲ್ಲಿ ಅದಿಲ್ಲ. ಮೇಲೆ ನಿಂಟೆಂಡೋ ಅಂತ ಬರೆದಿದೆ ಅಂತ ನಂಬಿ ಹಾಕಿದ್ರೆ ಯಂತ್ರ ಹೋಯ್ತು.

ಇನ್ನೊಂದು ಗೇಮ್ ಕಂಪನಿ ಸೇಗಾ ಕಡೆ ಬನ್ನಿ. ಅವರ ಮೆಗಾ ಡ್ರೈವ್ ಯಂತ್ರದ ಮೊದಲ ಮಾಡೆಲ್‌ಗೆ ಒಳಗೆ ಮೈನಸ್. ಎರಡನೇ ಮಾಡೆಲ್‌ಗೆ ಪಿನ್ನೇ ಸಣ್ಣದು, ಒಳಗೆ ಪ್ಲಸ್. ಒಂದೇ ಹೆಸರು, ಎರಡು ಜಾತಿ. ಹೆಸರು ನೋಡಿ ಕೊಂಡ್ರೂ ಕೆಡುತ್ತೆ, ಯಂತ್ರದ ಕೆಳಗಿನ ಸ್ಟಿಕ್ಕರ್ ಓದ್ಬೇಕು.

ಸರಿ, ಸೂಪರ್ ಫ್ಯಾಮಿಕಾಮ್‌ಗೆ ಏನು ಕೊಳ್ಳೋದು? ಬರ್ಕೊಳ್ಳಿ. ಇನ್‌ಪುಟ್ 100ರಿಂದ 240 ವೋಲ್ಟ್. ಔಟ್‌ಪುಟ್ 9 ಅಥವಾ 10 ವೋಲ್ಟ್ ಡಿಸಿ, 1 ಆಂಪಿಯರ್ ಅಥವಾ ಮೇಲೆ, ಒಳಗೆ ಮೈನಸ್. ಬಿಐಎಸ್ ಗುರುತು, ಅದರ ಜೊತೆ ಆರ್ ಅಂತ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಎಲ್ಲಿ ಹುಡುಕೋದು? ಗಿಟಾರ್ ಅಂಗಡೀಲಿ! ಗಿಟಾರ್ ಪೆಡಲ್‌ಗಳಿಗೆ 9 ವೋಲ್ಟ್, ಒಳಗೆ ಮೈನಸ್, ಇದೇ ಅಳತೆ ಪಿನ್. ಆದ್ರೆ ಅವುಗಳಲ್ಲಿ 200, 500 ಮಿಲಿ ಆಂಪಿಯರ್‌ದೂ ಇರ್ತವೆ, ಅವು ಸಾಲಲ್ಲ.

ತಂದ ಮೇಲೂ ನೇರ ಚುಚ್ಬೇಡಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಮೊನೆ ಪಿನ್ನಿನ ತೂತಿನೊಳಗೆ, ಕಪ್ಪು ಮೊನೆ ಹೊರಗಿನ ಬಳೆಗೆ. ಒಳಗಿನ ಮೊನೆ ಬಳೆಗೆ ತಾಗಬಾರದು, ಶಾರ್ಟ್ ಆಗುತ್ತೆ. ಅಂಕಿ ಮುಂದೆ ಮೈನಸ್ ಗುರುತು ಬಂತಾ? ಹಾಗಾದ್ರೆ ಒಳಗೆ ಮೈನಸ್, ನಮಗೆ ಬೇಕಾದ್ದೇ ಅದು. ಹಳೇ ಟ್ರಾನ್ಸ್‌ಫಾರ್ಮರ್ ಡಬ್ಬ ಆದ್ರೆ ಲೋಡ್ ಇಲ್ದೇ, ಅಂದ್ರೆ ಯಂತ್ರಕ್ಕೆ ಸಿಗಿಸದೇ ಇರೋವಾಗ 10ರ ಬದಲು 13, 14 ತೋರಿಸಬಹುದು, ಅದು ಅದರ ಗುಣ. ಈ ವಿಡಿಯೋ ಸೇವ್ ಮಾಡ್ಕೊಳ್ಳಿ, ಸಬ್‌ಸ್ಕ್ರೈಬ್ ಆಗಿರದಿದ್ರೆ ಈಗಲೇ ಆಗ್ಬಿಡಿ, ಮುಂದಿನ ವಾರ ಕೆಪಾಸಿಟರ್ ಬದಲಾಯಿಸೋದು ಹಾಕ್ತೀನಿ.

"2 ಆಂಪಿಯರ್ ಹಾಕಿದ್ರೆ ಜಾಸ್ತಿ ಕರೆಂಟು ನುಗ್ಗಿ ಸುಡಲ್ವಾ?" ಇಲ್ಲ ಸ್ವಾಮಿ. ಯಂತ್ರ ತನಗೆ ಬೇಕಾದಷ್ಟೇ ಎಳ್ಕೊಳ್ಳುತ್ತೆ. ತೊಟ್ಟಿ ದೊಡ್ಡದಿದ್ರೆ ಚೊಂಬು ತುಂಬಿ ಹರಿಯುತ್ತಾ? "12 ವೋಲ್ಟ್ ಹಾಕಿ ಆಡ್ತಿದೀನಿ, ಏನೂ ಆಗಿಲ್ಲ" ಅನ್ನೋರಿಗೆ ಒಂದು ಲೆಕ್ಕ. ಅರ್ಧ ಆಂಪಿಯರ್ ಎಳೆದ್ರೆ 9 ವೋಲ್ಟಲ್ಲಿ 7805 ಕಾಯೋದು 2 ವ್ಯಾಟ್, 12 ವೋಲ್ಟಲ್ಲಿ 3.5 ವ್ಯಾಟ್. ಮೂವತ್ತು ವರ್ಷ ದಾಟಿದ ಬೋರ್ಡು ಅದು, ಯಾಕ್ರೀ ಬೇಯಿಸ್ತೀರಾ?

ಜಪಾನಿನ ಮೊದಲ ಪ್ಲೇಸ್ಟೇಷನ್ ತರಿಸಿದೋರೇ, ನೀವೂ ಕೇಳಿ. ಅದರ ಎಂಟರ ಆಕಾರದ ವೈರು ಮನೇಲಿರೋ ಹಳೇ ಟೇಪ್ ರೆಕಾರ್ಡರ್ ವೈರೇ, ಸಲೀಸಾಗಿ ಕೂರುತ್ತೆ. ಕೂರುತ್ತೆ! ಒಳಗಿನ ಪವರ್ ಸಪ್ಲೈ 100 ವೋಲ್ಟಿಂದು. 230 ಕೊಟ್ರೆ ಒಳಗಿನ ಕೆಪಾಸಿಟರ್ ಮೇಲೆ 325 ವೋಲ್ಟ್ ಬೀಳುತ್ತೆ, ಢಮಾರ್. ಅದಕ್ಕೆ 230ರಿಂದ 100ಕ್ಕೆ ಇಳಿಸೋ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 100 ವ್ಯಾಟಿಂದು ಧಾರಾಳ ಸಾಕು.

ಆಗಲೇ ತಪ್ಪು ಅಡಾಪ್ಟರ್ ಹಾಕಿ ಸೂಪರ್ ಫ್ಯಾಮಿಕಾಮ್‌ನ ಕೆಂಪು ದೀಪ ಹತ್ತದೇ ಇದ್ರೆ ಮೊದಲು ಬೋರ್ಡ್ ಮೇಲಿನ ಫ್ಯೂಸ್ ನೋಡಿ, ನೋಡೋಕೆ ರೆಸಿಸ್ಟರ್ ಥರಾನೇ ಇರುತ್ತೆ, 1.5 ಆಂಪಿಯರ್. ಅದರ ಜಾಗಕ್ಕೆ ತಂತಿ ಬೆಸೆಯೋ ಪುಣ್ಯಾತ್ಮರಿದ್ದಾರೆ, ದಯವಿಟ್ಟು ಬೇಡ.

ಆ ಕಾಮೆಂಟ್ ಹಾಕಿದೋರಿಗೆ ಕೈ ಮುಗಿದು ಕೇಳ್ತೀನಿ, ಡಿಲೀಟ್ ಮಾಡಿ. ಲೈಕ್ ಒತ್ತಿದೋರು ವಾಪಸ್ ತಗೊಳ್ಳಿ. ಪಿನ್ ಕೂತ್ರೆ ಆಗೋಯ್ತಾ? ಆಗಲ್ಲ ರೀ! ಲೇಬಲ್ ಓದಿ! ನಿಮ್ಮ ಅಡಾಪ್ಟರ್ ಲೇಬಲ್ ಮೇಲೆ ಏನಿದೆ ಅಂತ ಕೆಳಗೆ ಬರೀರಿ, ಒಂದೊಂದನ್ನೂ ನೋಡಿ ಉತ್ತರ ಕೊಡ್ತೀನಿ.