ಪಾಸ್ಟರಮ್ಮ ಡೊರೊಥಿ

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಪಾಸ್ಟರ್ ಮನೆ ಇತ್ತು. ಆ ಮನೆಯ ಬಾಗಿಲು ಮುಚ್ಚಿದ್ದನ್ನು ನಾನು ನೋಡಿದ್ದೇ ಕಡಿಮೆ. ಯಾರೋ ಬರುತ್ತಿದ್ದರು, ಕೂರುತ್ತಿದ್ದರು, ಅಳುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಹೆಸರು ಬರುತ್ತಿದ್ದದ್ದು ಪಾಸ್ಟರಿಗೆ. ಕಾಫಿ ಮಾಡುತ್ತಿದ್ದವರು ಪಾಸ್ಟರಮ್ಮ. ಆಕೆಯ ನಿಜವಾದ ಹೆಸರೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ಪಾಸ್ಟರಮ್ಮ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ಇವತ್ತು ಹೇಳುವುದು ಬೇರೆ ಒಂದು ಪಾಸ್ಟರ್ ಮನೆಯ ಕಥೆ. ಎರಡು ನೂರು ವರ್ಷಕ್ಕಿಂತ ಹಳೆಯದು. ವಿಲಿಯಂ ಕೇರಿ. ಹೌದು, ನಮ್ಮ ಮೇಲಿನ ಕೇರಿ, ಕೆಳಗಿನ ಕೇರಿಯ ಹಾಗೇ ಕೇಳಿಸುತ್ತದೆ, ಆದರೆ ಇಂಗ್ಲೆಂಡಿನವರು. ಬಂಗಾಳದ ಸೆರಾಂಪುರದಲ್ಲಿ ಇದ್ದುಕೊಂಡು 1817ರಲ್ಲಿ ಕನ್ನಡಕ್ಕೆ ಒಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದವರು. ನನಗೆ ಇವರ ಹೆಸರು ಗೊತ್ತಾದದ್ದೇ ಆ ವ್ಯಾಕರಣದಿಂದ. ಕನ್ನಡ ನಾಡಿನಲ್ಲಿ ಬದುಕದೆ, ಪಂಡಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ವಿಭಕ್ತಿ ಪ್ರತ್ಯಯಗಳ ಜೊತೆ ಗುದ್ದಾಡಿದ ಈ ಮನುಷ್ಯ ಯಾರಪ್ಪಾ ಅಂತ ಹುಡುಕುತ್ತಾ ಹೋದೆ. ಹುಡುಕಿದ್ದು ಅವರನ್ನು. ಮನಸ್ಸಿನಲ್ಲಿ ನಿಂತುಬಿಟ್ಟದ್ದು ಅವರ ಹೆಂಡತಿ.

ಕೇರಿ ಹುಟ್ಟಿದ್ದು 1761ರಲ್ಲಿ, ನಾರ್ಥಾಂಪ್ಟನ್‌ಶೈರ್‌ನ ಒಂದು ಹಳ್ಳಿಯಲ್ಲಿ. ಅಪ್ಪ ನೇಕಾರ, ಆಮೇಲೆ ಊರಿನ ಮೇಷ್ಟ್ರು. ಹುಡುಗ ಕಲಿತದ್ದು ಬೂಟು ಹೊಲಿಯುವ ಕೆಲಸ. ಮುಂದೆ ದೊಡ್ಡ ಹೆಸರು ಬಂದ ಮೇಲೆ ಕಲ್ಕತ್ತೆಯ ಯಾವುದೋ ಊಟದ ಮೇಜಿನಲ್ಲಿ ಒಬ್ಬರು ಕೊಂಕಾಗಿ, 'ಇವರು ಹಿಂದೆ ಬೂಟು ತಯಾರಿಸುತ್ತಿದ್ದರಂತೆ' ಅಂದರಂತೆ. ಅದಕ್ಕೆ ಕೇರಿ, 'ಇಲ್ಲ ಸ್ವಾಮಿ, ತಯಾರಿಸುವಷ್ಟೆಲ್ಲ ಇಲ್ಲ, ಬರೀ ರಿಪೇರಿ' ಅಂದರು ಅಂತ ಕಥೆ.

1781ರ ಜೂನ್‌ನಲ್ಲಿ ಪಿಡಿಂಗ್ಟನ್ ಊರಿನ ಚರ್ಚಿನಲ್ಲಿ ಡೊರೊಥಿ ಪ್ಲಾಕೆಟ್ ಜೊತೆ ಮದುವೆ. ಹುಡುಗನಿಗೆ ಇನ್ನೂ 20 ತುಂಬಿಲ್ಲ. ಹುಡುಗಿಗೆ 25. ಆಕೆಗೆ ಆಗ ಓದು ಬರಹ ಬರುತ್ತಿರಲಿಲ್ಲ, ಮದುವೆಯ ರಿಜಿಸ್ಟರಿನಲ್ಲಿ ಸಹಿಯ ಜಾಗಕ್ಕೆ ಒಂದು ಕತ್ತರಿ ಗೀಟು ಎಳೆದಳು. ಗಂಡ ಮಾತ್ರ ಬೂಟು ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಅಂತ ಒಂದೊಂದೇ ಭಾಷೆ ಕಲಿಯುತ್ತಿದ್ದ. ಒಂದೇ ಸೂರಿನ ಕೆಳಗೆ ಎಂಥ ಜೋಡಿ ನೋಡಿ.

ಕೇರಿ ಸೇರಿದ್ದು ಬ್ಯಾಪ್ಟಿಸ್ಟರ ಪಂಥಕ್ಕೆ. ಬ್ಯಾಪ್ಟಿಸ್ಟರು ಅಂದರೆ ಯಾರು ಅಂತ ಒಂದು ಮಾತು ಹೇಳಿಬಿಡುತ್ತೇನೆ. ಇವರಲ್ಲಿ ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ತಿಳಿದು, ನಂಬಿದ್ದೇನೆ ಅಂತ ಬಾಯಿಬಿಟ್ಟು ಹೇಳಿದವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಕೇರಿ ಮೌಲ್ಟನ್ ಅನ್ನುವ ಊರಿನ ಸಭೆಗೆ ಪಾಸ್ಟರ್ ಆದರು. ಅಲ್ಲಿ 1787ರಲ್ಲಿ ಡೊರೊಥಿಗೆ ದೀಕ್ಷಾಸ್ನಾನ ಕೊಟ್ಟದ್ದೂ ಅವರೇ. ಸಭೆ ಕೊಡುತ್ತಿದ್ದ ದುಡ್ಡು ಯಾತಕ್ಕೂ ಸಾಲದು. ಶಾಲೆ ನಡೆಸಿದರು, ಬೂಟು ಹೊಲಿದರು, ವಾರಗಟ್ಟಲೆ ಮಾಂಸದ ಮುಖ ನೋಡದೆ ಇದ್ದರು. ಮೊದಲ ಮಗು ಆನ್ ಜ್ವರ ಬಂದು ಹೋಗಿಬಿಟ್ಟಿತ್ತು. ಅದೇ ಜ್ವರದಲ್ಲಿ ಕೇರಿಯ ತಲೆಗೂದಲೂ ಉದುರಿತು, ಆಮೇಲೆ ವಿಗ್ಗು. ಲೆಸ್ಟರ್ ಊರಿಗೆ ಹೋದ ಮೇಲೆ ಇನ್ನೊಂದು ಹೆಣ್ಣು ಮಗು, ಲೂಸಿ, ಅದೂ ಉಳಿಯಲಿಲ್ಲ.

ಇಷ್ಟರಲ್ಲಿ ಕೇರಿಗೆ ದೂರ ದೇಶದ ಜನಕ್ಕೆ ಸುವಾರ್ತೆ ಸಾರಬೇಕು ಅನ್ನುವ ಹಂಬಲ ಹತ್ತಿತ್ತು. 1792ರ ಅಕ್ಟೋಬರ್ 2ರಂದು ಕೆಟರಿಂಗ್‌ನಲ್ಲಿ ಹತ್ತಾರು ಜನ ಸೇರಿ ಬ್ಯಾಪ್ಟಿಸ್ಟ್ ಮಿಷನ್ ಸಂಘ ಕಟ್ಟಿದರು. ಜಾನ್ ಥಾಮಸ್ ಅನ್ನುವ ಹಡಗಿನ ವೈದ್ಯರು ಆಗಲೇ ಬಂಗಾಳ ನೋಡಿ ಬಂದಿದ್ದರು. ಅವರ ಜೊತೆ ನಾನು ಹೋಗುತ್ತೇನೆ ಅಂತ ಕೇರಿ ಮಾತು ಕೊಟ್ಟುಬಿಟ್ಟರು. ಮನೆಯಲ್ಲಿ ಕೇಳದೆ. ಆಮೇಲೆ ಹೇಳಿದರು. ಡೊರೊಥಿ, 'ನಾನು ಬರುವುದಿಲ್ಲ' ಅಂದಳು. ಆಗ ಆಕೆ ಬಸುರಿ.

ಇಲ್ಲಿ ಜೀವನಚರಿತ್ರೆ ಬರೆದವರಲ್ಲಿ ಎಷ್ಟೋ ಜನ ಆಕೆಯನ್ನು ಅಂಜುಬುರುಕಿ, ಗಂಡನ ದೊಡ್ಡ ಕೆಲಸಕ್ಕೆ ಅಡ್ಡಗಾಲು ಅನ್ನುವ ಹಾಗೆ ಬರೆದಿದ್ದಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಇಬ್ಬರು ಹೆಣ್ಣು ಮಕ್ಕಳನ್ನು ಮಣ್ಣು ಮಾಡಿ, ಹೊಟ್ಟೆಯಲ್ಲಿ ಇನ್ನೊಂದನ್ನು ಹೊತ್ತು, ತಿಂಗಳುಗಟ್ಟಲೆ ಸಮುದ್ರದ ಮೇಲೆ ಹೋಗಬೇಕು ಅಂದರೆ ಆಕೆ ಬೇರೆ ಏನು ಅನ್ನಬೇಕಿತ್ತು?

ಕೇರಿ ದೊಡ್ಡ ಮಗ ಫೀಲಿಕ್ಸ್‌ನನ್ನು ಮಾತ್ರ ಕರೆದುಕೊಂಡು ಹೊರಟರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ಇಲ್ಲ, ಥಾಮಸ್ ಹಿಂದೆ ಸಾಲಗಾರರ ಸಾಲು ಬೇರೆ. ಹಡಗಿನಿಂದ ಇಳಿಸಿಬಿಟ್ಟರು. ಹೀಗಾಗಿ ವಾಪಸು ಬಂದರು. ಅಷ್ಟರಲ್ಲಿ ಮಗು ಹುಟ್ಟಿತ್ತು, ಜೇಬೆಸ್ ಅಂತ ಹೆಸರು. ನಮ್ಮ ಕನ್ನಡ ಬೈಬಲಿನಲ್ಲಿ ಯಾಬೇಚ ಅಂತ ಬರುತ್ತದೆ, ತಾಯಿ ನೋವಿನಲ್ಲಿ ಹೆತ್ತ ಮಗ. ಕೇರಿ ಮತ್ತೊಮ್ಮೆ ಕೇಳಿದರು, ಆಕೆ ಮತ್ತೊಮ್ಮೆ ಆಗುವುದಿಲ್ಲ ಅಂದಳು. ಇಬ್ಬರೂ ಹೊರಟು ಸ್ವಲ್ಪ ದೂರ ಹೋದ ಮೇಲೆ ಥಾಮಸ್ ವಾಪಸು ಬಂದು ಬಾಣಂತಿಯ ಮುಂದೆ ನಿಂತು, ನೀನು ಬರದಿದ್ದರೆ ನಿನ್ನ ಸಂಸಾರ ಶಾಶ್ವತವಾಗಿ ಚದುರಿಹೋಗುತ್ತದೆ, ಬದುಕಿರುವ ತನಕ ಪಶ್ಚಾತ್ತಾಪ ಪಡುತ್ತೀಯ ಅಂದರು. ಇದನ್ನು ಬರೆದಿಟ್ಟವರು ಥಾಮಸ್ ಅವರೇ, ನಾನು ಸೇರಿಸಿದ್ದಲ್ಲ. ಡೊರೊಥಿ ಸೋತಳು. ತಂಗಿ ಕಿಟ್ಟಿ ಬಂದರೆ ನಾನೂ ಬರುತ್ತೇನೆ ಅಂದಳು. ಕಿಟ್ಟಿ ಪುಣ್ಯಾತ್ಗಿತ್ತಿ, ಆಗಲಿ ಅಂದಳು. ಗಡಿಬಿಡಿಯಲ್ಲಿ ಮನೆ ಸಾಮಾನು ಮಾರಿ ಹೊರಟರು.

1793ರ ಜೂನ್ 13ರಂದು ಡೆನ್ಮಾರ್ಕಿನ ಹಡಗು ಹತ್ತಿದರು. ಕಲ್ಕತ್ತೆ ಸೇರಿದ್ದು ನವೆಂಬರ್ 11ಕ್ಕೆ. ಬಂದ ಸ್ವಲ್ಪ ದಿನಕ್ಕೇ ದುಡ್ಡು ಖಾಲಿ. ಡೊರೊಥಿಗೂ ಫೀಲಿಕ್ಸ್‌ಗೂ ರಕ್ತಭೇದಿ. ಅಲ್ಲಿಂದ ಸುಂದರಬನದ ಹುಲಿ ಕಾಡಿಗೆ ಹೋದರು. ಅಲ್ಲಿ ಚಾರ್ಲ್ಸ್ ಶಾರ್ಟ್ ಅನ್ನುವ ಕಂಪನಿಯ ಉಪ್ಪಿನ ಅಧಿಕಾರಿ ಇವರಿಗೆ ಜಾಗ ಕೊಟ್ಟರು, ಕಿಟ್ಟಿ ಅವರನ್ನೇ ಮದುವೆಯಾಗಿ ಅಲ್ಲೇ ಉಳಿದಳು. ಡೊರೊಥಿ ಯಾರ ಆಸರೆ ನಂಬಿ ಹಡಗು ಹತ್ತಿದ್ದಳೋ ಆ ತಂಗಿಯೂ ದೂರವಾದಳು. 1794ರಲ್ಲಿ ಮಾಲ್ಡಾ ಕಡೆಯ ಮದನಾವತಿಯಲ್ಲಿ ಕೇರಿಗೆ ನೀಲಿ ಬಣ್ಣ ತೆಗೆಯುವ ಕಾರ್ಖಾನೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದೇ ವರ್ಷ 5 ವರ್ಷದ ಮಗ ಪೀಟರ್ ರಕ್ತಭೇದಿಯಲ್ಲಿ ತೀರಿಕೊಂಡ. ಗುಂಡಿ ತೋಡುವುದಕ್ಕೆ ಜನ ಸಿಗಲಿಲ್ಲ. ಜಾತಿ, ಮೈಲಿಗೆ, ನಿಮಗೆ ಗೊತ್ತೇ ಇದೆ. ಕೊನೆಗೆ ನಾಲ್ವರು ಮುಸ್ಲಿಮರು ಬಂದು ತೋಡಿದರು.

ಡೊರೊಥಿಯ ಮನಸ್ಸು ಮುರಿದದ್ದು ಆಮೇಲೆ. ಗಂಡ ಬೇರೆ ಹೆಂಗಸರ ಹಿಂದೆ ಹೋಗುತ್ತಾನೆ ಅನ್ನುವ ಭ್ರಮೆ ಹಿಡಿಯಿತು. ದಾರಿಯಲ್ಲಿ ಅವರ ಬೆನ್ನು ಹತ್ತಿ ಕೂಗಾಡುತ್ತಿದ್ದಳು. ಮತ್ತೆ ಸುಧಾರಿಸಲೇ ಇಲ್ಲ. ಇಂಥ ಹೊತ್ತಿನಲ್ಲೇ 1796ರಲ್ಲಿ ಕೊನೆಯ ಮಗ ಜಾನಥನ್ ಹುಟ್ಟಿದ. ಕಲ್ಕತ್ತೆಯ ಹುಚ್ಚಾಸ್ಪತ್ರೆಗೆ ಸೇರಿಸಿ ಅಂತ ಹೇಳಿದವರಿದ್ದರು. ಕೇರಿ ಒಪ್ಪಲಿಲ್ಲ, ಮನೆಯಲ್ಲೇ ಇಟ್ಟುಕೊಂಡರು. ಅದು ಪ್ರೀತಿಯೋ, ಪಾಪಪ್ರಜ್ಞೆಯೋ, ಎರಡೂ ಇರಬಹುದು.

1800ರ ಜನವರಿಯಲ್ಲಿ ಸೆರಾಂಪುರ. ಹೂಗ್ಲಿ ನದಿಯ ದಂಡೆಯ ಈ ಊರು ಆಗ ಡೆನ್ಮಾರ್ಕಿನ ಕೈಯಲ್ಲಿತ್ತು, ಕಂಪನಿಯ ಕಾಟ ಇಲ್ಲ. ಜೊತೆಗೆ ಮಿಷನ್ನಿನವರೇ ಆದ ಮಾರ್ಷ್‌ಮನ್ ದಂಪತಿ, ಮುದ್ರಕ ವಿಲಿಯಂ ವಾರ್ಡ್. ಎಲ್ಲರದೂ ಒಂದೇ ಅಡುಗೆಮನೆ, ಒಂದೇ ದುಡ್ಡಿನ ಪೆಟ್ಟಿಗೆ. ತಾಯಿ ಇದ್ದೂ ಇಲ್ಲದಂತಾಗಿದ್ದ ಕೇರಿಯ ಹುಡುಗರು ತುಂಬಾ ಪುಂಡರಾಗಿದ್ದರು. ಅಪ್ಪನಿಗೆ ಗದರಿಸುವುದು ಬರುತ್ತಿರಲಿಲ್ಲ, ಬಿಡುವೂ ಇರಲಿಲ್ಲ. ಅವರನ್ನು ದಾರಿಗೆ ತಂದವರು ಹಾನಾ ಮಾರ್ಷ್‌ಮನ್ ಮತ್ತು ವಾರ್ಡ್. ಪಾಸ್ಟರ್ ಮನೆಯ ಮಕ್ಕಳು ಊರವರ ಕೈಯಲ್ಲಿ ಬೆಳೆಯುವುದು ಹೊಸದೇನಲ್ಲ, ಅಲ್ವಾ?

ಅದೇ ವರ್ಷ ಡಿಸೆಂಬರ್ 28ರಂದು ಹೂಗ್ಲಿಯಲ್ಲಿ ಇಬ್ಬರಿಗೆ ದೀಕ್ಷಾಸ್ನಾನ. ಒಬ್ಬರು ಬಡಗಿ ಕೃಷ್ಣ ಪಾಲ್, ಇಲ್ಲಿನ ಇವರ ಮೊದಲ ಶಿಷ್ಯ. ಇನ್ನೊಬ್ಬ 15 ವರ್ಷದ ಫೀಲಿಕ್ಸ್. ಏಳು ವರ್ಷ ಕಾದಿದ್ದ ದಿನ. ಹಾಡು, ಪ್ರಾರ್ಥನೆ, ದಂಡೆಯಲ್ಲಿ ಜನ. ಡೊರೊಥಿ ಮಾತ್ರ ಒಂದು ಕೋಣೆಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಕಿರುಚುತ್ತಿದ್ದಳು. ಮಗ ನೀರಿಗೆ ಇಳಿದದ್ದನ್ನು ಆಕೆ ನೋಡಲಿಲ್ಲ.

1801ರಿಂದ ಕೇರಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮೇಷ್ಟ್ರು. ಬಂಗಾಳಿ, ಸಂಸ್ಕೃತ, ಮರಾಠಿ. ತಿಂಗಳಿಗೆ 500 ರೂಪಾಯಿ, ಆಮೇಲೆ 1000. ಮನೆಗೆ ಸ್ವಲ್ಪ ಇಟ್ಟುಕೊಂಡು ಉಳಿದದ್ದೆಲ್ಲ ಮಿಷನ್ ಪೆಟ್ಟಿಗೆಗೆ. ಅವರ ಅನುವಾದ, ಪ್ರೂಫ್ ತಿದ್ದುವುದು ನಡೆಯುತ್ತಿದ್ದಾಗ ಎಷ್ಟೋ ಸಲ ಪಕ್ಕದ ಕೋಣೆಯಲ್ಲೇ ಹೆಂಡತಿ ಕೂಗಾಡುತ್ತಿದ್ದಳು ಅಂತ ಜೊತೆಯವರು ಬರೆದಿದ್ದಾರೆ. ಇದನ್ನು ಅವರ ತಾಳ್ಮೆಗೆ ಸಾಕ್ಷಿ ಅಂತ ಓದಬಹುದು. ನಾನು ಓದುವಾಗ ಪಕ್ಕದ ಕೋಣೆಯ ಬಗ್ಗೆ ಯೋಚಿಸುತ್ತೇನೆ. 1807ರ ಡಿಸೆಂಬರ್ 8ರಂದು ಡೊರೊಥಿ ತೀರಿಕೊಂಡಳು. ವಯಸ್ಸು 51.

ಐದೇ ತಿಂಗಳಿಗೆ, 1808ರ ಮೇನಲ್ಲಿ, ಕೇರಿ ಮತ್ತೆ ಮದುವೆಯಾದರು. ಇಷ್ಟು ಬೇಗ ಯಾಕೆ ಅಂತ ಜೊತೆಯವರೂ ಗೊಣಗಿದರು. ಷಾರ್ಲಟ್ ರೂಮೋರ್ ದೊಡ್ಡ ಮನೆತನದ ಹೆಣ್ಣು, ಓದಿದವಳು, ಕಾಲಿನ ಶಕ್ತಿ ಇರಲಿಲ್ಲ. ಬಂಗಾಳಿ ಕಲಿತು ಗಂಡನ ಕೆಲಸದಲ್ಲಿ ಕೈಜೋಡಿಸಿದಳು. 13 ವರ್ಷ ಇಬ್ಬರೂ ಸುಖವಾಗಿದ್ದರು. ಆಕೆ 1821ರಲ್ಲಿ ಹೋದ ಮೇಲೆ ಮೂರನೆಯ ಮದುವೆ, ಗ್ರೇಸ್ ಹ್ಯೂಸ್ ಜೊತೆ.

ಮಕ್ಕಳಲ್ಲಿ ಫೀಲಿಕ್ಸ್‌ನದೇ ದೊಡ್ಡ ಕಥೆ. ಬರ್ಮಾಕ್ಕೆ ಹೋದ. 1814ರಲ್ಲಿ ಇರಾವತಿ ನದಿಯಲ್ಲಿ ದೋಣಿ ಮಗುಚಿ ಹೆಂಡತಿ, ಮಕ್ಕಳು ಕಣ್ಣೆದುರೇ ಮುಳುಗಿದರು. ಆಮೇಲೆ ಬರ್ಮಾ ರಾಜನ ರಾಯಭಾರಿಯಾಗಿ ಠಾಕುಠೀಕಾಗಿ ಕಲ್ಕತ್ತೆಗೆ ಬಂದ. ಊರಿಗೆಲ್ಲ ಅದು ಬಡ್ತಿ. ಅಪ್ಪನಿಗೆ ಮಾತ್ರ, ಮಿಷನರಿಯಾಗಿದ್ದವನು ಕುಗ್ಗಿ ಬರೀ ರಾಯಭಾರಿಯಾದನಲ್ಲ ಅನ್ನುವ ನೋವು. ಕೊನೆಗೆ ಸೆರಾಂಪುರಕ್ಕೇ ಬಂದು, ಅಂಗರಚನೆಯ ಬಗ್ಗೆ ಬಂಗಾಳಿಯಲ್ಲಿ ಪುಸ್ತಕ ಬರೆದು, 1822ರಲ್ಲಿ ಅಪ್ಪನಿಗಿಂತ ಮೊದಲೇ ಹೋದ. ಅಪ್ಪನ ಹೆಸರೇ ಇದ್ದ ಇನ್ನೊಬ್ಬ ಮಗ ವಿಲಿಯಂ ಬಂಗಾಳದ ಕಾಟ್ವಾದಲ್ಲಿ ಮಿಷನರಿ, ಜಾನಥನ್ ಕಲ್ಕತ್ತೆಯಲ್ಲಿ ವಕೀಲ.

ಕನ್ನಡಕ್ಕೆ ಬಂದರೆ, 1812ರ ಮಾರ್ಚ್ 11ರಂದು ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿಯ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯ ಬಹುಪಾಲು ಅದರಲ್ಲಿ ಸುಟ್ಟುಹೋಯಿತು. ವ್ಯಾಕರಣ ಬಂದದ್ದು ಅದಾಗಿ ಐದು ವರ್ಷಕ್ಕೆ. ನಮ್ಮ ಮಲೆನಾಡಿನ ಕಾಡಿನಲ್ಲಿ ಕವಲು ಅಂತ ಒಂದು ಮರ ಇದೆಯಲ್ಲ, ಅದರ ಸಸ್ಯಶಾಸ್ತ್ರದ ಹೆಸರು ಕೇರಿಯಾ ಆರ್ಬೋರಿಯಾ. ಗಿಡಗಳ ಹುಚ್ಚಿದ್ದ ಈ ಪಾಸ್ಟರಿನ ಹೆಸರನ್ನೇ ಸ್ನೇಹಿತ, ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇಟ್ಟದ್ದು.

ಕೇರಿ ತೀರಿಕೊಂಡದ್ದು 1834ರ ಜೂನ್ 9ರಂದು. ಉಯಿಲಿನಲ್ಲಿ ಹೇಳಿಕೊಳ್ಳುವಂಥ ಆಸ್ತಿ ಏನೂ ಇಲ್ಲ. ಮಿಷನ್ ಕಟ್ಟಡಗಳ ಮೇಲೆ ನನಗೆ ಹಕ್ಕಿಲ್ಲ ಅಂತ ಬರೆದರು. ಪುಸ್ತಕಗಳನ್ನು ಮಾರಿ ಬಂದ ದುಡ್ಡಿನಲ್ಲಿ 1500 ರೂಪಾಯಿ ಜೇಬೆಸ್‌ಗೆ ಕೊಡಿ, ಅವನ ಅಣ್ಣತಮ್ಮಂದಿರಿಗೆ ಅಷ್ಟು ಆಗಲೇ ಕೊಟ್ಟಿದ್ದೇನೆ ಅಂತ ಬರೆದರು. ಹೌದು, ಆ ಬಾಣಂತಿಯ ತೋಳಿನಲ್ಲಿ ಹಡಗು ಹತ್ತಿದ ಕೂಸು.

ಇನ್ನೊಂದು ಮಾತೂ ಇತ್ತು. ನನ್ನನ್ನು ನನ್ನ ಎರಡನೆಯ ಹೆಂಡತಿ ಷಾರ್ಲಟ್ ಪಕ್ಕದಲ್ಲಿ ಮಣ್ಣು ಮಾಡಿ. ಆ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ಡೊರೊಥಿ ಅದರಲ್ಲಿ ಎಲ್ಲಿದ್ದಾಳೆ ಅಂತ ಹುಡುಕಿದರೆ, 'ಎರಡನೆಯ' ಅನ್ನುವ ಒಂದು ಪದದಲ್ಲಿ ಇದ್ದಾಳೆ.

ನಮಸ್ಕಾರ.